ರಾಗಿಯ ಹಾಗೆ ಕಾಪಿಟ್ಟ ಸೀತಾಳೆ

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ನಾನು ತಾಳವಾಡಿಯ ಶಾಲೆಯೊಂದರಲ್ಲಿ ವಿಜ್ಞಾನ ಹೇಳುತ್ತಿದ್ದೆ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಬಸ್ ಸ್ಟಾಪಿನಿಂದ ಮನೆಗೆ ವಾಪಸು ಓಡುವ ಮನುಷ್ಯ, ಒಂದು ಗಿಡದ ಕುಲ ಉಳಿಸಲು ಹೊರಟೆ.

ಪಣಕಹಳ್ಳಿಯ ಒಬ್ಬ ರೈತ ಹೆಂಗಸಿನ ಹೊಲದ ಬದುವಿನಲ್ಲಿ ಹಳೆಯ ನೇರಳೆ ಮರವಿತ್ತು. ಅದರ ಕೊಂಬೆಗೆ ಅಂಟಿಕೊಂಡು ಒಂದು ಸೀತಾಳೆ, ಅಂದರೆ ಆರ್ಕಿಡ್. ನೆರಳಿಗೆ ಮುಸುಕಿನ ಜೋಳ ಏಳುವುದಿಲ್ಲವೆಂದು ಆಕೆ ಮರ ಕಡಿಸುವವರಿದ್ದರು. ಗಿಡವನ್ನೇ ಕಿತ್ತು ತರುವ ಧೈರ್ಯ ನನಗಿರಲಿಲ್ಲ. ಹಿಂದೆ ಹಾಗೆ ತಂದ ಎರಡನ್ನು ನೀರು ಹೊಯ್ದು ಹೊಯ್ದೇ ಕೊಳೆಸಿದ್ದೆ. ಉಳಿದದ್ದು ಬೀಜದ ದಾರಿ. ಮೈಸೂರಿನ ಕೇಂದ್ರವೊಂದು ಇಂಥ ಬೀಜಗಳನ್ನು ಒಣಗಿಸಿ, ತಣ್ಣಗೆ, ವರ್ಷಗಟ್ಟಲೆ ಕಾಪಿಡುತ್ತಿತ್ತು. ಇದ್ದದ್ದು ಒಂದೇ ಕಾಯಿ. ಬಿಡಿಸಿದರೆ ಒಳಗೆ ಹಳದಿ ಧೂಳು. ಆ ಧೂಳೇ ಬೀಜ.

ಕಾಗದದ ಕವರಿನಲ್ಲಿಟ್ಟು ಬೇಗ ಕಳಿಸಿ ಎಂದಷ್ಟೇ ಕೇಂದ್ರದವರು ಹೇಳಿದ್ದರು. ಹುಳು ಬಿದ್ದರೆ? ಅದನ್ನು ಕೇಳಲು ಎಂಟನೇ ಸಲ ಫೋನ್ ಮಾಡಲು ನಾಚಿಕೆಯಾಗಿ, ಹೊಲದೊಡತಿಯನ್ನೇ ಕೇಳಿದೆ: "ರಾಗಿ ಬೀಜನ ಹೆಂಗೆ ಮಡಗ್ತೀರವ್ವ?"

"ಬೂದಿ ಬೆರ್ಸಿ ಮಡಗ್ತೀವಿ. ಉಳ ಬರಲ್ಲ. ಬಿತ್ತಾಗ ಜರಡಿ ಆಡುದ್ರೆ ಬೂದಿ ಓಯ್ತದ, ಬೀಜ ನಿಲ್ತದ."

ಮನೆಗೆ ಬಂದು ನೀರೊಲೆಯ ಬೂದಿಯನ್ನು ನುಣ್ಣಗೆ ಸೋಸಿ, ಧೂಳಿನಂಥ ಬೀಜಕ್ಕೆ ಬೆರೆಸಿದೆ. ಆ ರಾತ್ರಿ ಹಲವು ತಿಂಗಳ ಮೇಲೆ ನಿಶ್ಚಿಂತೆಯಿಂದ ಮಲಗಿದೆ. ಬೆಳಿಗ್ಗೆ, ಬೂದಿ ಬೇರೆಯಾಗುತ್ತದೋ ಇಲ್ಲವೋ ಎಂದು ಜರಡಿ ಆಡಿದರೆ ಎರಡೂ ಕೆಳಗಿಳಿದವು. ಬಟ್ಟೆಯಲ್ಲಿ ಸೋಸಿದರೆ ಎರಡೂ ಮೇಲೇ ನಿಂತವು. ಪಾಠ ಹೇಳುವಾಗ ಹುಡುಗರಿಗೆ "ಪ್ರಶ್ನೆ ಪೂರ್ತಿ ಓದ್ರೋ" ಎಂದು ಗದರುತ್ತಿದ್ದವನು ನಾನೇ.

ಹೋಗಿ ಒಪ್ಪಿಕೊಂಡೆ. ಆಕೆ ಸೆರಗು ಬಾಯಿಗಿಟ್ಟು ನಕ್ಕರು.

"ಎಸ್ಟ್ ಓದಿದ್ದರಿ ಮೇಷ್ಟ್ರೇ?"

"ಬಿ.ಎಸ್ಸಿ., ಬಿ.ಎಡ್. ಅವ್ವ."

"ಇನ್ನೊಸಿ ಓದಿದ್ರ ನನ್ ಒಲನೂ ಸುಟ್ಬುಡ್ತಿದ್ರಿ."

ಮರ ಕಡಿಯುವವರು ಸೋಮವಾರ ಬರುವವರಿದ್ದರು. ಆಕೆ ಮರವನ್ನು ಒಂದು ಸಲ ನೋಡಿದರು. "ಬೀಜ ಎತ್ತಿ ಮಡಗ್ದೆ ಯಾವ ಬೆಳೆ ಕುಯ್ದಿದ್ದವು ನಾವು? ಬ್ಯಾಡ ಬುಡಿ, ಇನ್ನೊಂದ್ ಕಾಯ್ ಆಗ್ಲಿ."

ಆ ವರ್ಷ ಮರದ ಕೆಳಗಿನ ಜೋಳ ಮೊಣಕಾಲುದ್ದಕ್ಕೇ ನಿಂತಿತು. ಅದನ್ನು ನೋಡಲಾರದೆ ನಾನು ಆ ದಾರಿಯನ್ನೇ ಬಿಟ್ಟೆ. ಮರುವರ್ಷ ಸೀತಾಳೆ ಕಾಯಿ ಕಟ್ಟಿತು. ಆಕೆಯೇ ಕೊಯ್ಯಿಸಿ ಕವರಿಗೆ ಹಾಕಿದರು. ನಾನು ಕೈ ಚಾಚಿದೆ.

"ನಿಮ್ ಕೈಗ್ ಕೊಡಲ್ಲ. ದಾರಿ ತೋರ್ಸಿ ಸಾಕು."

ಚಾಮರಾಜನಗರದ ಬಸ್ಸು ಹತ್ತಿ, ಅಲ್ಲಿಂದ ಮೈಸೂರಿಗೆ ಹೋದೆವು. ಕವರು ಅಷ್ಟು ದೂರವೂ ಆಕೆಯ ಮಡಿಲಲ್ಲೇ ಇತ್ತು. ಕೇಂದ್ರದ ಹುಡುಗಿ ಬೀಜ ತೂಗಿ, ಚೀಟಿ ಬರೆಯುತ್ತಾ, ತಂದವರ ಹೆಸರು ಕೇಳಿದಳು. ನಾನು ಆಕೆಯ ಹೆಸರು ಹೇಳಿದೆ.

"ಮೇಷ್ಟ್ರ ಎಸ್ರೂ ಬರ್ಕವ್ವ," ಎಂದರು ಆಕೆ. "ಪಾಪ, ಜೊತೇಲಿ ಬಂದವ್ರೆ."