ಬಸ್ ಬಂತಾ?

ಕೋವಿಡ್ ನಿರ್ಬಂಧಗಳು ಮುಗಿದು ಸಭಾಂಗಣಗಳು ಮತ್ತೆ ತೆರೆದ ವರ್ಷವದು. ನಾನಾಗ ಸಿಡ್ನಿಯ ಒಂದು ಸಾಲ್ಸಾ ತಂಡದ ಮುಖ್ಯ ಗಾಯಕಿ. ಹಾಡು ಬರೆಯುವ ಕೆಲಸವೂ ನನ್ನದೇ. ಮಂಗಳೂರಿನ ಚರ್ಚ್ ಕಾಯರ್‌ನಲ್ಲಿ ಹಾಡಿ ಬೆಳೆದವಳು ಲ್ಯಾಟಿನ್ ಅಮೆರಿಕದ ಕುಣಿತದ ಸಂಗೀತಕ್ಕೆ ಹೇಗೆ ಬಂದೆ ಎಂದು ಕೇಳುವವರಿಗೆ ನನ್ನ ಉತ್ತರ ಒಂದೇ: ನಮ್ಮ ಪಿಯಾನೋ ವಾದಕ, ಕೊಲಂಬಿಯಾದ ರೊಡ್ರಿಗೋ, ಮ್ಯಾಕ್ವೆರಿ ಪಾರ್ಕಿನ ಆಫೀಸಿನಲ್ಲಿ ನನ್ನ ಪಕ್ಕದ ಡೆಸ್ಕಿನವನಾಗಿದ್ದ.

ನಮ್ಮ ಹಾಡುಗಳಲ್ಲಿ ಪ್ರೇಮ ಕಡಿಮೆ. ರೆಂಟ್, ವೀಸಾ, ನೈಟ್ ಶಿಫ್ಟ್ ಹೆಚ್ಚು. ಆ ವರ್ಷದ ಹಾಡು ಕೊಟ್ಟವಳು ನನ್ನ ಪಕ್ಕದ ಮನೆಯ ಸವಿತಾ. ಮೈಸೂರಿನವಳು, ನರ್ಸ್. ಸಿಡ್ನಿಯ ವಾಯವ್ಯ ಅಂಚಿನ ನಮ್ಮ ಹೊಸ ಬಡಾವಣೆಗೆ ಮನೆಗಳು ಬಂದಿದ್ದವು, ಬಸ್ಸು ಬಂದಿರಲಿಲ್ಲ.

"ಕಾರ್ ಇಲ್ದೋರು ಮನುಷ್ಯರಲ್ವಾ?" ಎಂದಳು ಒಂದು ಸಂಜೆ, ಸ್ಟೇಷನ್ನಿಂದ ನಡೆದು ಬಂದು ಶೂ ಬಿಚ್ಚುತ್ತ. "ದಿನಾ ನಮ್ಮಮ್ಮ ಫೋನಲ್ಲಿ ಕೇಳ್ತಾರೆ, ಬಸ್ ಬಂತಾ ಅಂತ. ದಿನಾ ನಾನು ಇನ್ನೂ ಇಲ್ಲ ಅಂತೀನಿ."

"ಅದೇ ಪಲ್ಲವಿ ಮಾರಾಯ್ತಿ," ಎಂದೆ.

ಸಾಲ್ಸಾ ಹಾಡಿನ ಉತ್ತರಾರ್ಧದಲ್ಲಿ ಗಾಯಕಿ ಸಾಲು ಬದಲಿಸುತ್ತ ಹೋಗುತ್ತಾಳೆ, ಹಿಮ್ಮೇಳದವರು ಒಂದೇ ಉತ್ತರವನ್ನು ಮತ್ತೆ ಮತ್ತೆ ಹಾಡುತ್ತಾರೆ. ಇದಕ್ಕೆ ಕೋರೊ ಎನ್ನುತ್ತಾರೆ. ಉಳಿದದ್ದನ್ನು ಸ್ಪ್ಯಾನಿಷ್‌ನಲ್ಲಿ ಬರೆದು ಕೋರೊವನ್ನು ಕನ್ನಡದಲ್ಲೇ ಉಳಿಸಿದೆ: "ಬಸ್ ಬಂತಾ?" "ಇನ್ನೂ ಇಲ್ಲ."

ಅದೇ ಹೊತ್ತಿಗೆ ಮೆಲ್ಬರ್ನ್‌ನ ದೊಡ್ಡ ನೃತ್ಯೋತ್ಸವವೊಂದರಿಂದ ನಮಗೆ ಮೊದಲ ಬಾರಿ ಕರೆ ಬಂತು. ಆಯೋಜಕಿ ಕಾರ್ಮೆನ್ ಸೌಂಡ್ ಚೆಕ್‌ನಲ್ಲಿ ಈ ಹಾಡು ಕೇಳಿ ಮುಖ ಸಣ್ಣದು ಮಾಡಿದಳು. "ಸಿಡ್ನಿ ಬಸ್ಸಿನ ದೂರು ಇಲ್ಲಿಯವರಿಗೇಕೆ? ಜನ ಕುಣಿಯುವುದು ನಿಲ್ಲಿಸಿದರೆ ಮುಂದಿನ ವರ್ಷ ನಿಮ್ಮನ್ನು ಕರೆಯುವುದು ಕಷ್ಟ."

ರೊಡ್ರಿಗೋ ನನ್ನತ್ತ ನೋಡಿದ. "ನೀನು ಹಾಡಿದರೆ ನಾನು ನುಡಿಸುತ್ತೇನೆ."

ಹಾಡಿದೆ. ಕೋರೊ ಬರುತ್ತಿದ್ದಂತೆ ಕಾರ್ಮೆನ್ ಹೇಳಿದಂತೆಯೇ ಆಯಿತು. ಅರ್ಥವಾಗದ ಭಾಷೆ ಕಿವಿಗೆ ಬಿದ್ದು ಜೋಡಿಗಳು ಒಂದೊಂದಾಗಿ ನಿಂತವು. ನಮ್ಮ ಹಿಮ್ಮೇಳದವರ ದನಿಯೂ ಇಳಿಯಿತು. ಆಗ, ತನ್ನ ಹಾಡು ಕೇಳಲೆಂದು ಸಿಡ್ನಿಯಿಂದ ನಮ್ಮ ಜೊತೆ ಬಂದು ವೇದಿಕೆಯ ಕೆಳಗೇ ನಿಂತಿದ್ದ ಸವಿತಾ, ಶ್ರುತಿಯ ಹಂಗಿಲ್ಲದೆ, "ಇನ್ನೂ ಇಲ್ಲ" ಎಂದು ಕೂಗಿದಳು. ಜನ ನಕ್ಕರು. ರೊಡ್ರಿಗೋ ಪಿಯಾನೋ ನಿಲ್ಲಿಸಲಿಲ್ಲ; ಅದರ ಮೇಲೆಯೇ ನಾನು ಆ ಎರಡು ಮಾತುಗಳ ಅರ್ಥವನ್ನು ಇಂಗ್ಲಿಷಿನಲ್ಲಿ ಹೇಳಿದೆ.

ಬಿಳಿಗೂದಲಿನ ಹೆಂಗಸೊಬ್ಬರು ಕೈಯೆತ್ತಿ, ಮೆಲ್ಬರ್ನ್ ಹೊರವಲಯದ ತಮ್ಮ ಸಬರ್ಬ್‌ನ ಹೆಸರು ಕೂಗಿದರು. ಅದನ್ನೇ ರಾಗಕ್ಕೆ ಹಾಕಿ "ಬಸ್ ಬಂತಾ?" ಎಂದೆ. ಇಡೀ ಸಭಾಂಗಣ ಹರಕುಮುರುಕು ಕನ್ನಡದಲ್ಲಿ "ಇನ್ನೂ ಇಲ್ಲ" ಎಂದಿತು. ಮತ್ತೊಂದು ಸಬರ್ಬ್, ಮತ್ತೊಂದು. ಕಾಲುಗಳು ಮತ್ತೆ ಶುರುವಾದವು. ಕೊನೆಗೆ ಕಾರ್ಮೆನ್ನೇ ವೇದಿಕೆಗೆ ಬಂದು, ತನ್ನ ಬೀದಿಯ ಹೆಸರು ಹೇಳಿ, ಸವಿತಾಳ ಕೈ ಹಿಡಿದು ಮೇಲೆಳೆದುಕೊಂಡು ಕುಣಿದಳು.

ಮರುವರ್ಷ ನಮ್ಮ ಬಡಾವಣೆಗೆ ಬಸ್ಸು ಬಂತು. ಹಾಡಿನಿಂದ ಬಂತೆಂದು ಹೇಳಲಾರೆ; ಸವಿತಾ ಮತ್ತು ನೆರೆಹೊರೆಯವರು ಬೆನ್ನು ಬಿಡದೆ ಕೇಳಿದ್ದರು. "ಭಾನುವಾರ ಮಾತ್ರ ಇಲ್ಲ ಕಣೇ," ಎಂದಳು ಅವಳು. ಹಾಗಾಗಿ ಭಾನುವಾರದ ಕಾರ್ಯಕ್ರಮಗಳಲ್ಲಿ ಆ ಹಾಡನ್ನು ಬಿಟ್ಟಿಲ್ಲ.

ಜನರ ಕಷ್ಟ ಹಾಡುವವರು ದನಿ ಏರಿಸುವುದನ್ನು ಬೇಗ ಕಲಿಯುತ್ತಾರೆ. ಕೇಳಿದ ಮೇಲೆ ಉತ್ತರಕ್ಕೆ ಜಾಗ ಬಿಟ್ಟು ನಿಲ್ಲುವುದನ್ನು ನಾನು ಕಲಿತದ್ದು ಮೆಲ್ಬರ್ನ್‌ನಲ್ಲಿ.