ಒಂದೂವರೆ ಸಾಲಿನ ಗಾಯಕಿ

ಎರಡು ವರ್ಷ ನಾನು ಒಬ್ಬಾಕೆಗೆ ಕಾಯಿಲೆ ಬರಲೆಂದು ಕಾದಿದ್ದೆ. ಬಾಯಿಬಿಟ್ಟು ಹೇಳಿಕೊಳ್ಳುವ ಮಾತಲ್ಲ ಇದು. ಆದರೆ ನನ್ನ ಕೆಲಸವೇ ಅದಾಗಿತ್ತು. ಮೆಲ್ಬರ್ನ್‌ನ ದೊಡ್ಡ ರಂಗಮಂದಿರವೊಂದರಲ್ಲಿ ನಡೆಯುತ್ತಿದ್ದ ಸಂಗೀತ ನಾಟಕದಲ್ಲಿ ನಾನು ಮೇಳದ ಹುಡುಗಿ, ಜೊತೆಗೆ ನಾಯಕಿಗೆ ಅಂಡರ್‌ಸ್ಟಡಿ. ಅಂದರೆ ಆಕೆಯ ಪಾತ್ರವನ್ನೆಲ್ಲ ಕಲಿತಿಟ್ಟುಕೊಂಡು, ಆಕೆಗೆ ಹುಷಾರಿಲ್ಲದ ದಿನ ಮಾತ್ರ ಹಾಡಬೇಕಾದವಳು. ಆಕೆ ಒಂದು ದಿನವೂ ಕೆಮ್ಮಲಿಲ್ಲ. ವಾರಕ್ಕೆ ಎಂಟು ಪ್ರದರ್ಶನ. ಎಂಟೂ ಸಲ ನಾನು ಹಿಂದಿನ ಸಾಲಿನಲ್ಲಿ ಹೂಬುಟ್ಟಿ ಹಿಡಿದು ನಿಂತು ಆಕೆಯ ಹಾಡನ್ನು ಮನಸ್ಸಿನಲ್ಲೇ ಹಾಡಿಕೊಳ್ಳುತ್ತಿದ್ದೆ. ನನಗೆ ಗಂಟಲು ಕಟ್ಟಿದಾಗ ಶುಂಠಿ ಟೀ ಮಾಡಿಕೊಟ್ಟವಳೂ ಆಕೆಯೇ. ಕುಡಿಯುವಾಗ ನಾಚಿಕೆಯಾಗಿತ್ತು.

ಅಪ್ಪ ಅಮ್ಮ ಇರುವುದು ಸಿಡ್ನಿಯ ಬ್ಲ್ಯಾಕ್‌ಟೌನ್‌ನಲ್ಲಿ. ಅಮ್ಮ ಮೈಸೂರಿನಲ್ಲಿ ಸಂಗೀತ ಕಲಿತವಳು. ನಾನು ಶಾಲೆಗೆ ಸೇರುವ ಮುಂಚೆಯೇ ನನಗೆ ಸರಳೆ ಹೇಳಿಕೊಟ್ಟಿದ್ದಳು. ಪ್ರತಿ ಸೋಮವಾರ, ನನ್ನ ರಜೆಯ ದಿನ, ಫೋನ್ ಮಾಡುತ್ತಿದ್ದಳು.

"ಈ ವಾರನಾದ್ರೂ ಹಾಡಿದ್ಯಾ?"

"ಇಲ್ಲಮ್ಮ."

"ಆ ಮಹಾತಾಯಿಗೆ ಒಂದು ನೆಗಡಿನೂ ಬರಲ್ವಾ?"

ನಾಟಕದ ವಾದ್ಯವೃಂದದಲ್ಲಿ ಕೀಬೋರ್ಡ್ ನುಡಿಸುತ್ತಿದ್ದವನಿಗೆ ಒಬ್ಬ ಗೆಳೆಯನಿದ್ದ. ಕ್ಲಬ್ಬುಗಳಲ್ಲಿ, ಜಿಮ್ಮುಗಳಲ್ಲಿ ಹಾಕುವ ಕುಣಿತದ ಹಾಡುಗಳನ್ನು ಮಾಡುವವನು. ಅವನಿಗೆ ಹೆಣ್ಣಿನ ದನಿ ಬೇಕಾಗಿತ್ತು. ಅವನ ಮನೆಯ ಹಿಂದಿನ ಗ್ಯಾರೇಜೇ ಸ್ಟುಡಿಯೋ. ಅದರ ಮೂಲೆಯಲ್ಲಿ ಗೋಡೆಗೆಲ್ಲ ಹಳೆಯ ರಜಾಯಿ ಹೊಡೆದ ಒಂದು ಗೂಡು. ಒಳಗೆ ಕೈ ಚಾಚಿದರೆ ಎರಡು ಕಡೆಯೂ ತಾಗುತ್ತಿತ್ತು. ನಾನು ಎದೆ ತುಂಬ ಉಸಿರು ತೆಗೆದುಕೊಂಡು ಹಾಡಿದೆ. ಅವನು ಹೆಡ್‌ಫೋನ್ ಕಿತ್ತು ಕಿವಿ ಉಜ್ಜಿಕೊಂಡ.

"ನೀನು ಸಾವಿರ ಜನಕ್ಕೆ ಹಾಡ್ತಾ ಇದ್ದೀಯ. ಇಲ್ಲಿ ಇರೋದು ಒಂದು ಮೈಕು. ಅದರ ಕಿವೀಲಿ ಹೇಳು, ಸಾಕು."

ಇಪ್ಪತ್ತು ವರ್ಷ ಕಲಿತಿದ್ದನ್ನು ಆ ಒಂದು ಮಧ್ಯಾಹ್ನ ಬಿಡಬೇಕಾಯಿತು. ಮೈಕಿಗೂ ತುಟಿಗೂ ನಾಲ್ಕು ಬೆರಳು ಅಂತರ. ದನಿಗಿಂತ ಉಸಿರೇ ಹೆಚ್ಚು. ನಾನು ಪೂರ್ತಿ ಹಾಡು ಹಾಡಿದ್ದೆ. ಅವನು ಇಟ್ಟುಕೊಂಡಿದ್ದು ಒಂದೂವರೆ ಸಾಲು. 'ಇನ್ನೊಂದು ಹೆಜ್ಜೆ ಹತ್ತಿರ ಬಾ, ಇನ್ನೊಂದು' ಎಂಬ ಅರ್ಥದ ಇಂಗ್ಲಿಷ್ ಮಾತು. ಅಲ್ಲಿಗೆ ಕತ್ತರಿಸಿ ಹಾಡಿನುದ್ದಕ್ಕೂ ಅದನ್ನೇ ಮತ್ತೆ ಮತ್ತೆ ಸುತ್ತಿಸಿದ್ದ.

ಹಾಡು ಓಡಿತು. ಬಟ್ಟೆ ಅಂಗಡಿಯಲ್ಲಿ, ಟ್ಯಾಕ್ಸಿಯಲ್ಲಿ ನನ್ನ ಉಸಿರು ನನಗೇ ಕೇಳತೊಡಗಿತು. ಅದೇ ದನಿಯಲ್ಲಿ ಇನ್ನು ಮೂರು ಹಾಡು ಕೊಡುತ್ತೇನೆ, ಅಷ್ಟರವರೆಗೆ ಬೇರೆಯವರಿಗೆ ರೆಕಾರ್ಡ್ ಮಾಡುವುದಿಲ್ಲ, ಕರೆದ ಕಾರ್ಯಕ್ರಮಕ್ಕೆಲ್ಲ ಬರುತ್ತೇನೆ ಎಂದು ಸಹಿ ಹಾಕಿ ನಾಟಕ ಬಿಟ್ಟೆ. ಬಿಟ್ಟ ಹತ್ತನೇ ದಿನಕ್ಕೆ ನಾಯಕಿಯ ಪಾದ ಉಳುಕಿತು. ನನ್ನ ಜಾಗಕ್ಕೆ ಬಂದ ಹುಡುಗಿ ನಾಲ್ಕು ದಿನ ಹಾಡಿದಳಂತೆ. ಅಮ್ಮನಿಗೆ ಇದನ್ನು ನಾನು ಇವತ್ತಿಗೂ ಹೇಳಿಲ್ಲ.

ಕುಣಿತದ ಕಾರ್ಯಕ್ರಮಗಳಿಗೆ ನನ್ನನ್ನೂ ಕರೆಯುತ್ತಿದ್ದರು. ರೆಕಾರ್ಡಿಂಗ್ ಓಡುತ್ತಿತ್ತು, ನನ್ನ ಮೈಕಿನ ದನಿಯನ್ನು ತಗ್ಗಿಸಿಟ್ಟಿರುತ್ತಿದ್ದರು. ಒಮ್ಮೆ ಬೇಕೆಂದೇ ಬಾಯಿ ಮುಚ್ಚಿ ನಿಂತೆ. ಯಾರಿಗೂ ಗೊತ್ತಾಗಲಿಲ್ಲ.

ಆ ವರ್ಷ ಬ್ಲ್ಯಾಕ್‌ಟೌನ್‌ನ ಹಾಲೊಂದರಲ್ಲಿ ನಮ್ಮವರೆಲ್ಲ ಸೇರಿ ಯುಗಾದಿ ಮಾಡಿದರು. ನಾನೂ ಹೋಗಿದ್ದೆ. ಮಕ್ಕಳು ಆ ಹಾಡಿಗೇ ಕುಣಿದರು. ಅಮ್ಮನ ಪಕ್ಕ ಕೂತಿದ್ದ ಆಂಟಿಯೊಬ್ಬರು ಮುಖ ಸಿಂಡರಿಸಿದರು.

"ಏನ್ರೀ ಇದು, ಇದನ್ನೂ ಹಾಡು ಅಂತಾರಾ? ಹಲ್ಲುನೋವು ಬಂದೋರು ನರಳ್ದಂಗಿದೆ."

"ನಮ್ಮ ಮಗಳೇ ರೀ ಹಾಡಿರೋದು," ಎಂದಳು ಅಮ್ಮ.

"ಅಯ್ಯೋ, ನಂಗೊತ್ತೇ ಇರ್ಲಿಲ್ಲ! ಚೆನ್ನಾಗಿದೆ, ಚೆನ್ನಾಗಿದೆ. ಮಾಡರ್ನ್ ಆಗಿದೆ."

ಮನೆಗೆ ಹೋಗುವಾಗ ಕಾರಿನಲ್ಲಿ ಅಮ್ಮ ಆ ಹಾಡನ್ನು ಫೋನಿನಲ್ಲಿ ಮತ್ತೆ ಹಾಕಿದಳು. ಸಿಗ್ನಲ್ ಬಳಿ ನಿಂತಾಗ ಕೇಳಿದಳು.

"ನಿಂಗೆ ಪೂರ್ತಿ ಹಾಡೋಕೆ ಬರುತ್ತೆ ಅಂತ ಆ ಗ್ಯಾರೇಜಿನವನಿಗೆ ಗೊತ್ತಾ?"

"ಗೊತ್ತಮ್ಮ."

"ಗೊತ್ತಿದ್ದೂ ಕತ್ತರಿಸ್ತಾನಾ?"

ಮಾರನೇ ತಿಂಗಳು ಸಿಡ್ನಿಯಲ್ಲೇ ಒಂದು ಹೊಸ ಸಂಗೀತ ನಾಟಕಕ್ಕೆ ಆಡಿಷನ್ ಇತ್ತು. ಹೋದೆ. ಮೊದಲ ಚರಣ ಸರಾಗವಾಗಿ ಬಂತು. ಮೇಲಿನ ಸ್ವರಕ್ಕೆ ಹೋದಾಗ ದನಿ ಬರಲಿಲ್ಲ, ಬರೀ ಗಾಳಿ ಬಂತು. ಮತ್ತೆ ಪ್ರಯತ್ನಿಸಿದೆ, ಮತ್ತೆ ಗಾಳಿ. ಪಿಯಾನೋ ನುಡಿಸುತ್ತಿದ್ದ ಸಂಗೀತ ನಿರ್ದೇಶಕಿ, ವಯಸ್ಸಾದ ಹೆಂಗಸು, ಕೈ ನಿಲ್ಲಿಸಿದರು.

"ನಿನ್ನ ದನಿ ಎಲ್ಲೋ ಕೇಳಿದ್ದೀನಿ," ಎಂದು ಆ ಒಂದೂವರೆ ಸಾಲನ್ನು ಗುನುಗಿದರು. "ಅದು ನೀನೇ ಅಲ್ವಾ? ಆರು ತಿಂಗಳು ಅದನ್ನು ಬಿಡು. ಸಾಧನೆ ಮಾಡು. ಆಮೇಲೆ ಬಾ."

ಬಿಡುವ ಹಾಗಿರಲಿಲ್ಲ. ಒಪ್ಪಿದ ಮೂರರಲ್ಲಿ ಒಂದು ಮುಗಿದು, ಇನ್ನೂ ಎರಡು ಹಾಡು ಬಾಕಿ ಇತ್ತು.

ಮುಂದಿನ ರೆಕಾರ್ಡಿಂಗ್‌ಗೆ ಮೆಲ್ಬರ್ನ್‌ಗೆ ವಾಪಸ್ ಹೋದಾಗ ಗ್ಯಾರೇಜಿನವನನ್ನು ಕೇಳಿಯೇಬಿಟ್ಟೆ: ಒಂದು ಸಲ ಗಂಟಲು ಬಿಟ್ಟು ಪೂರ್ತಿ ಹಾಡಲಾ? ಅವನು ಕೆಟ್ಟವನಲ್ಲ, ಹಾಡು ಅಂದ. ಮೇಲಿನ ಸ್ವರಗಳಿಲ್ಲದ ಹಾಡನ್ನೇ ಆರಿಸಿಕೊಂಡು ಹಾಡಿದೆ. ಕಣ್ಣು ಮುಚ್ಚಿ ಕೊನೆಯವರೆಗೂ ಕೇಳಿದ.

"ತುಂಬಾ ಚೆನ್ನಾಗಿದೆ. ಆದ್ರೆ ಇದಕ್ಕೆ ಯಾರೂ ಕುಣಿಯಲ್ಲ."

ಅವನು ಹೇಳಿದ್ದು ನಿಜವೇ. ಅದಕ್ಕೇ ಜಗಳವಾಡಲೂ ಆಗಲಿಲ್ಲ. ಗೂಡಿನ ಬಾಗಿಲು ಎಳೆದುಕೊಂಡು ಮೂರನೇ ಹಾಡನ್ನು ಅವನಿಗೆ ಬೇಕಾದ ಹಾಗೇ ಉಸುರಿ ಬಂದೆ.

ಈಗ ನಾನು ಅಮ್ಮನ ಮನೆಯಲ್ಲಿದ್ದೇನೆ. ಬೆಳಿಗ್ಗೆ ಆರಕ್ಕೆ ಅಡುಗೆಮನೆಯ ಮೇಜಿನ ಮುಂದೆ ಫೋನಿನಲ್ಲಿ ಶ್ರುತಿ ಹಾಕಿಕೊಂಡು ಸರಳೆಯಿಂದ ಶುರು ಮಾಡುತ್ತೇವೆ. "ಬಾಯಿ ಬಿಟ್ಟು ಹೇಳು, ಯಾರ ನಿದ್ದೆ ಕೆಡುತ್ತೆ ಅಂತ ಹೆದರ್ಕೋತೀಯ?" ಎಂದು ಅಮ್ಮ ಚಪಾತಿ ಲಟ್ಟಿಸುತ್ತಲೇ ಗದರುತ್ತಾಳೆ. ವಾರವಿಡೀ ಹೀಗೆ ಹಾಡಿದರೆ ತಾರ ಷಡ್ಜದ ಹತ್ತಿರ ಹೋಗುತ್ತೇನೆ. ಅಷ್ಟರಲ್ಲಿ ಕಾರ್ಯಕ್ರಮಕ್ಕೋ ಅಭ್ಯಾಸಕ್ಕೋ ಮೆಲ್ಬರ್ನ್‌ನಿಂದ ಕರೆ ಬರುತ್ತದೆ. ಹೋಗಿ ಹಾಗೇ ಉಸುರಿ ಬಂದರೆ ಗಂಟಲು ಮತ್ತೆ ಮುಚ್ಚಿಕೊಂಡಿರುತ್ತದೆ. ಮಧ್ಯ ಸ್ಥಾಯಿಯಿಂದ ಮತ್ತೆ ಶುರು. ಉಳಿದಿರುವ ನಾಲ್ಕನೇ ಹಾಡಿಗೆ ಗ್ಯಾರೇಜಿನವನಿಗಿನ್ನೂ ರಾಗ ಹೊಳೆದಿಲ್ಲವಂತೆ. ಅವಸರವಿಲ್ಲ, ಈ ವರ್ಷವಾಗದಿದ್ದರೆ ಮುಂದಿನ ವರ್ಷ ಮಾಡೋಣ ಎಂದು ನಿನ್ನೆ ಮೆಸೇಜ್ ಕಳಿಸಿದ್ದಾನೆ.