ಶೇಕ್‌ದಾರರು ಬರುವ ಮುಂಚೆ ನೆಟ್ಟ ಗದ್ದೆ

ಕೊತ್ತತ್ತಿಯ ಕಡೆ ನಾಲೆಯ ಏರಿ ಒಡೆದಾಗ ನಾನು ಮದುವೆಯಾಗಿ ಬಂದು ಎರಡು ವರ್ಷ. ಯುದ್ಧದ ಕಾಲ, ಸೀಮೆಎಣ್ಣೆಗೂ ಬರ. ನಾಟಿ ಮುಗಿದು ವಾರವೂ ಆಗಿರಲಿಲ್ಲ. ಬೆಳಗಾಗುವಷ್ಟರಲ್ಲಿ ನಮ್ಮ ಗದ್ದೆಯ ಪೈರೆಲ್ಲ ಮರಳಿನಡಿ ಸೇರಿತ್ತು. ವರ್ಷದ ಊಟಕ್ಕೆ ನಮಗಿದ್ದದ್ದು ಅದೊಂದೇ ಗದ್ದೆ. ಸರ್ಕಾರ ಪರಿಹಾರ ಕೊಡುತ್ತದೆ, ಕಂದಾಯದ ಶೇಕ್‌ದಾರರು ಬಂದು ನೋಡಿ ಬರೆದುಕೊಂಡು ಹೋಗುತ್ತಾರೆ ಎಂದು ಊರಲ್ಲಿ ತಮಟೆ ಹೊಡೆದು ಸಾರಿದರು.

ಸಾರಿದ್ದೇ ಬಂತು, ಶೇಕ್‌ದಾರರು ಬರಲಿಲ್ಲ. ನಮ್ಮ ಅತ್ತೆಗೆ ಕಾಯುವ ಬುದ್ಧಿಯೂ ಇರಲಿಲ್ಲ. ಗಂಡ ಸತ್ತ ಮೇಲೆ ಒಬ್ಬರೇ ಆ ಗದ್ದೆ ಮಾಡಿ ಮಗನನ್ನು ಸಾಕಿದವರು. ಮಿಕ್ಕಿದ್ದ ಸಸಿ ಮಡಿಯಲ್ಲೇ ಬಲಿಯುತ್ತಿದೆ ಎಂದು ಅವರಿಗೆ ಅನ್ನ ಸೇರದು. ಹತ್ತನೆಯ ದಿನ ಮುಯ್ಯಾಳು ಕರೆದರು. ಮುಯ್ಯಾಳೆಂದರೆ ಕೂಲಿಯಿಲ್ಲ, ಇವತ್ತು ಅವರು ನಮ್ಮ ಗದ್ದೆಗೆ, ನಾಳೆ ನಾವು ಅವರ ಗದ್ದೆಗೆ. ಗಂಡಸರು ಮಂಕರಿಯಲ್ಲಿ ಮರಳು ಹೊತ್ತು ಹಾಕಿದರು, ನಾವು ಹೆಂಗಸರು ಬಗ್ಗಿ ನೆಟ್ಟೆವು.

ಪಕ್ಕದ ಗದ್ದೆಯವರು ಬದುವಿನ ಮೇಲೆ ನಿಂತು ಕೂಗಿದರು, "ಸಾಯೇಬ್ರು ಬಂದೋಗ್ಲಿ, ತಡ್ಕೊ ಕಣಕ್ಕ."

"ಅವ್ರು ಬರಗಂಟ ಬೂಮಿನ ಬೆತ್ತಲೆ ಬುಡಕ್ಕಾಯ್ತದಾ? ನೋಡ್ದೋರು ಏನಂದಾರು?" ಎಂದರು ಅತ್ತೆ.

ಮೂರು ವಾರದ ಮೇಲೆ ಶೇಕ್‌ದಾರರು ಸೈಕಲ್ಲಿನಲ್ಲಿ ಬಂದರು. ಬೂಟಿಗೆ ಕೆಸರಾಗದಂತೆ ದೂರದಿಂದಲೇ ನೋಡಿ, "ಪೈರು ಹಸಿರಾಗಿದೆಯಲ್ಲಮ್ಮ, ನಷ್ಟ ಎಲ್ಲಿದೆ?" ಎಂದರು. ಅತ್ತೆ ಗುಡ್ಡೆ ಹಾಕಿದ್ದ ಮರಳು ತೋರಿಸಿದರು. ಮರಳಿಗೆಲ್ಲ ಪರಿಹಾರವಿಲ್ಲ ಎಂದು ಆ ಪುಣ್ಯಾತ್ಮರು ನಕ್ಕರು.

ಕೈಕಟ್ಟಿ ಕೂತಿದ್ದ ಪಕ್ಕದವರಿಗೆ ಪರಿಹಾರ ಬಂತು. ನಮ್ಮ ಹೆಸರಿನ ಮುಂದೆ 'ಬೆಳೆ ಇದೆ' ಎಂದು ಬರೆದದ್ದು ಅಷ್ಟಕ್ಕೇ ಮುಗಿಯಲಿಲ್ಲ. ತಡವಾಗಿ ನೆಟ್ಟ ಪೈರು ಕಾಳು ಕಟ್ಟುವ ಹೊತ್ತಿಗೆ ನಾಲೆ ನೀರು ನಿಲ್ಲಿಸಿದರು. ತೂರಿದರೆ ಬರೀ ಜೊಳ್ಳು. ಅದೇ ಬರಹ ಹಿಡಿದು, ಸರ್ಕಾರಕ್ಕೆ ಕೊಡಬೇಕಾದ ಲೆವಿ ಭತ್ತ ಅಳೆಯಿರಿ ಎಂದು ಬಾಗಿಲಿಗೆ ಬಂದರು. ಎತ್ತು ಮಾರಿ, ಭತ್ತ ಕೊಂಡು ಅಳೆದೆವು. ಇವತ್ತಿಗೂ ನೆನೆದರೆ ಮೈ ಉರಿಯುತ್ತದೆ.

ಎರಡು ವರ್ಷಕ್ಕೆ ಅದೇ ಏರಿ ಅದೇ ಜಾಗದಲ್ಲಿ ಮತ್ತೆ ಒಡೆಯಿತು. ರಿಪೇರಿ ಮಾಡಿದವರ ಕೈಗುಣ! ಈ ಸಲ ಮುಯ್ಯಾಳುಗಳು ಕರೆಯದೇ ಬಂದರು. ಅತ್ತೆ ಅಡ್ಡ ನಿಂತರು.

"ಒಬ್ರೂ ಗದ್ದೆಗೆ ಇಳೀಬ್ಯಾಡಿ ಕಣ್ರಮ್ಮ."

ಮರಳಿನ ನಡುವೆ ಅಲ್ಲಲ್ಲಿ ಪೈರು ತಲೆ ಎತ್ತಿತ್ತು. ಬಿಡಿಸಿ ನಿಲ್ಲಿಸಿದ್ದರೆ ಅರ್ಧವಾದರೂ ಬದುಕುತ್ತಿತ್ತು. ಅತ್ತೆ ದಿನಾ ಬದುವಿನ ಮೇಲೆ ಕೂತು ಅದು ಒಣಗುವುದನ್ನು ನೋಡಿದರು. ತಡೆಯಲಾರದೆ ನಾನೊಮ್ಮೆ ಮರಳು ಬಗೆಯಲು ಬಗ್ಗಿದರೆ ಕೈಗೆ ಹೊಡೆದರು. ಅವರು ನನಗೆ ಹೊಡೆದದ್ದು ಅದೊಂದೇ ಸಲ. ತಿಂಗಳಾದ ಮೇಲೆ ಬೇರೆ ಶೇಕ್‌ದಾರರು ಬಂದು ಪೂರಾ ನಷ್ಟ ಎಂದು ಬರೆದುಕೊಂಡರು.

ನಮ್ಮ ಮನೆಯವರು ಮಂಡ್ಯದ ಕಚೇರಿಯಿಂದ ದುಡ್ಡು ತಂದು ತಾಯಿಯ ಮುಂದಿಟ್ಟರು. ಅತ್ತೆ ಎರಡೂ ಕೈಯನ್ನು ಸೆರಗಿನೊಳಗೆ ಎಳೆದುಕೊಂಡರು.

"ನೀನೇ ಮಡೀಕೊ ಕಣ್ಲಾ ಮಗ. ಪೈರು ಸಾಯಾದ ಕುಂತ್ಕಂಡು ನೋಡಿದ್ಕೆ ನಂಗೆ ಕೂಲಿ ಕೊಟ್ಟವ್ರೆ."